ಸೆಕೆಂಡ್ ಹ್ಯಾಂಡ್ ಮನೆಗಾಡಿ: ಕೊಳ್ಳುವ ಮುನ್ನ ಒಂದಿಷ್ಟು ಇತಿಹಾಸ

ಒಂದು ಕ್ಷಣ ನೀವು 1975ರ ಲಂಡನ್ನಿನಲ್ಲಿದ್ದೀರಿ ಎಂದು ಭಾವಿಸಿಕೊಳ್ಳಿ. ವಯಸ್ಸು ಇಪ್ಪತ್ತೆರಡು. ಒಂದು ವರ್ಷ ಹೋಟೆಲಿನಲ್ಲಿ ತಟ್ಟೆ ತೊಳೆದೋ, ಕಾರ್ಖಾನೆಯಲ್ಲಿ ದುಡಿದೋ ಕೂಡಿಟ್ಟ ಹಣ ಜೇಬಿನಲ್ಲಿದೆ. ಅದು ಹೆಚ್ಚೇನೂ ಅಲ್ಲ. ಇಬ್ಬರು ಗೆಳೆಯರೊಡನೆ ಯೂರೋಪನ್ನು ಸುತ್ತಬೇಕು, ಸಾಧ್ಯವಾದರೆ ಇಸ್ತಾಂಬುಲ್ ದಾಟಿ ಭಾರತದವರೆಗೂ ಹೋಗಬೇಕು ಎಂಬ ಆಸೆ. ರೈಲಿಗೂ ಹೋಟೆಲಿಗೂ ಕೊಡುವಷ್ಟು ಹಣವಿಲ್ಲ. ಆದ್ದರಿಂದ ನೀವು ಸ್ಟ್ರಾಂಡ್ ಬೀದಿಯಲ್ಲಿರುವ ಆಸ್ಟ್ರೇಲಿಯಾ ಹೌಸಿನ ಕಡೆಗೆ ನಡೆಯುತ್ತೀರಿ. ಅದರ ಆಸುಪಾಸಿನಲ್ಲಿ ಹಳೆಯ ವ್ಯಾನುಗಳು ಸಾಲಾಗಿ ನಿಂತಿವೆ. ಪ್ರತಿಯೊಂದರ ಗಾಜಿಗೂ ಕೈಬರಹದ ಚೀಟಿ. ಮಾರುವವರೂ ನಿಮ್ಮಂಥ ಹುಡುಗ ಹುಡುಗಿಯರೇ. ಆಸ್ಟ್ರೇಲಿಯಾದಿಂದ, ನ್ಯೂಜಿಲೆಂಡಿನಿಂದ ಬಂದು, ವ್ಯಾನಿನಲ್ಲಿ ತಿರುಗಾಡಿ, ಈಗ ಊರಿಗೆ ಹೊರಟು ನಿಂತವರು. ವಿಮಾನ ಹೊರಡುವುದರೊಳಗೆ ಗಾಡಿ ಕೈಬಿಟ್ಟು ಹೋಗಬೇಕು. ಅವರಿಗೆ ಅವಸರ, ನಿಮಗೆ ಆಸೆ. ವ್ಯಾಪಾರ ಕೆಡಲು ಇಷ್ಟು ಸಾಕು!

ಅಡುಗೆ, ಮಲಗುವ ವ್ಯವಸ್ಥೆ, ನೀರಿನ ಡಬ್ಬಿ ಎಲ್ಲವನ್ನೂ ಹೊಟ್ಟೆಯೊಳಗೆ ಇಟ್ಟುಕೊಂಡು ತನ್ನ ಎಂಜಿನ್ನಿನಿಂದಲೇ ಓಡುವ ವಾಹನವನ್ನು ಮೋಟಾರ್ ಹೋಮ್ ಎನ್ನುತ್ತಾರೆ. ನಾವು ಮನೆಗಾಡಿ ಎನ್ನೋಣ. ಹೊಸ ಗಾಡಿ ಕೊಳ್ಳುವವನು ಕಂಪನಿಯ ಜಾಹೀರಾತು ಓದಿದರೆ ನಡೆದೀತು. ಕಡಮೆ ಹಣದಲ್ಲಿ ಹಳೆಯದನ್ನು ಕೊಳ್ಳುವವನಾದರೋ ಆ ಗಾಡಿಯ ಇತಿಹಾಸ ಓದಬೇಕು. ಇತಿಹಾಸದ ವಿದ್ಯಾರ್ಥಿಗಳು ಶಾಸನವನ್ನೂ ನಾಣ್ಯವನ್ನೂ ಓದುವಂತೆಯೇ, ಹೇಳಿಕೆಯನ್ನು ಒಂದು ಕಡೆ ಇಟ್ಟು, ಪುರಾವೆಯನ್ನು ಇನ್ನೊಂದು ಕಡೆ ಇಟ್ಟು ಹೋಲಿಸಿ ನೋಡಬೇಕು. ಕಾರ್ಯಕ್ರಮದ ಸಂವಾದದಲ್ಲಿ ಈ ಮಾತಿಗೆ ಸಮಯ ಸಾಲದೆ ಹೋಯಿತು. ಇಲ್ಲಿ ಸ್ವಲ್ಪ ವಿಸ್ತಾರವಾಗಿ ನೋಡಬಹುದು.

ಮೊದಲಿಗೆ ಭಾರದ ಮಾತು. 1885ರಲ್ಲಿ ಸ್ಕಾಟ್ಲೆಂಡಿನ ಗಾರ್ಡನ್ ಸ್ಟೇಬಲ್ಸ್ ಎಂಬ ನಿವೃತ್ತ ನೌಕಾಪಡೆಯ ವೈದ್ಯ ಬ್ರಿಸ್ಟಲ್ಲಿನ ಗಾಡಿ ಕಾರ್ಖಾನೆಯೊಂದರಲ್ಲಿ ತನಗಾಗಿ ಒಂದು ಚಲಿಸುವ ಮನೆಯನ್ನು ಕಟ್ಟಿಸಿದ. ಅದಕ್ಕೆ ‘ವಾಂಡರರ್’ ಎಂದು ಹೆಸರಿಟ್ಟ. ಮಹಾಗನಿ ಮರ, ಪುಸ್ತಕದ ಕಪಾಟು, ಸೋಫಾ, ಅಡುಗೆ ಒಲೆ ಎಲ್ಲವೂ ಇದ್ದವು. ಜೊತೆಗೆ ಒಬ್ಬ ಗಾಡಿ ಹೊಡೆಯುವವನು, ಒಬ್ಬ ಸೇವಕ, ಒಂದು ದೊಡ್ಡ ನಾಯಿ, ಒಂದು ಕಾಕಟೂ ಗಿಳಿ. ಎಲ್ಲ ಸೇರಿ ಸುಮಾರು ಎರಡು ಟನ್ ಭಾರ. ಎಳೆಯಲು ಇದ್ದದ್ದು ಎರಡೇ ಕುದುರೆ. ಅವನು ಇಂಗ್ಲೆಂಡಿನಿಂದ ಉತ್ತರದ ಇನ್ವರ್‌ನೆಸ್‌ವರೆಗೆ ಪ್ರಯಾಣ ಮಾಡಿ, 1886ರಲ್ಲಿ ಅದರ ಬಗೆಗೆ ಪುಸ್ತಕವನ್ನೂ ಬರೆದ. ವಿಹಾರಕ್ಕೆಂದೇ ಕಟ್ಟಿದ ಮನೆಗಾಡಿಗಳ ಕಥೆಯನ್ನು ಬರೆಯುವವರು ಸಾಮಾನ್ಯವಾಗಿ ಇಲ್ಲಿಂದಲೇ ಆರಂಭಿಸುತ್ತಾರೆ. ನಾನು ವಿಜ್ಞಾನ ಓದಿದವನಾದ್ದರಿಂದ ನನ್ನ ಕಣ್ಣು ಮಹಾಗನಿಯ ಮೇಲೆ ನಿಲ್ಲುವುದಿಲ್ಲ, ಏರುರಸ್ತೆಯಲ್ಲಿ ಆ ಕುದುರೆಗಳ ಸ್ಥಿತಿ ಏನಾಗಿತ್ತೋ ಎಂಬಲ್ಲಿಗೆ ಹೋಗುತ್ತದೆ. ಮನೆಯನ್ನು ಚಕ್ರದ ಮೇಲೆ ಇಡಹೊರಟ ಎಲ್ಲರಿಗೂ ಎದುರಾದ ಮೊದಲ ಶತ್ರು ಭಾರವೇ.

ಎರಡನೆಯ ಮಹಾಯುದ್ಧ ಮುಗಿದ ಮೇಲೆ ಈ ಸಮಸ್ಯೆಗೆ ಒಂದು ಉತ್ತರ ಜರ್ಮನಿಯಲ್ಲಿ ಸಿಕ್ಕಿತು. 1947ರ ಏಪ್ರಿಲ್ 23ರಂದು ಬೆನ್ ಪೊನ್ ಎಂಬ ಡಚ್ ವ್ಯಾಪಾರಿ ತನ್ನ ಟಿಪ್ಪಣಿ ಪುಸ್ತಕದಲ್ಲಿ ಒಂದು ಚಿತ್ರ ಗೀಚಿದ. ಒಂದು ಡಬ್ಬಿ, ಮುಂದಿನ ಚಕ್ರದ ಮೇಲೆ ಚಾಲಕ, ಹಿಂದಿನ ಚಕ್ರದ ಮೇಲೆ ಎಂಜಿನ್, ನಡುವೆ 750 ಕಿಲೋ ಸಾಮಾನು. ಫೋಕ್ಸ್‌ವ್ಯಾಗನ್ ಕಾರ್ಖಾನೆ ಇದನ್ನು ಕೈಗೆತ್ತಿಕೊಂಡಿತು. ಬ್ರೌನ್‌ಶ್ವೈಗ್ ತಾಂತ್ರಿಕ ವಿದ್ಯಾಲಯದ ಗಾಳಿ ಸುರಂಗದಲ್ಲಿ ಮಾದರಿಯನ್ನಿಟ್ಟು, ಚಪ್ಪಟೆ ಮೂತಿಯನ್ನು ದುಂಡಾಗಿಸಿದಾಗ ಗಾಳಿಯ ಪ್ರತಿರೋಧದ ಗುಣಾಂಕ 0.75ರಿಂದ 0.44ಕ್ಕೆ ಇಳಿಯಿತು. ಮುಂಭಾಗದ ಆ ಮುದ್ದಾದ ಮುಖ ಹುಟ್ಟಿದ್ದರಲ್ಲಿ ಸೌಂದರ್ಯದ ಪಾಲಿನಷ್ಟೇ ಭೌತಶಾಸ್ತ್ರದ ಪಾಲೂ ಇದೆ. 1950ರ ಮಾರ್ಚ್‌ನಲ್ಲಿ ತಯಾರಿಕೆ ಆರಂಭವಾಯಿತು. ಎಂಜಿನ್ನಿನ ಗಾತ್ರ 1131 ಸಿ.ಸಿ., ಶಕ್ತಿ ಸುಮಾರು 25 ಅಶ್ವಶಕ್ತಿ. ಇಂದಿನ ಒಂದು ಒಳ್ಳೆಯ ಮೋಟಾರ್ ಸೈಕಲ್ಲಿಗೆ ಇರುವಷ್ಟು!

1951ರಲ್ಲಿ ವೆಸ್ಟ್‌ಫಾಲಿಯಾ ಎಂಬ ಸಂಸ್ಥೆ ಈ ವ್ಯಾನಿಗೆ ‘ಕ್ಯಾಂಪಿಂಗ್ ಬಾಕ್ಸ್’ ಎಂಬ ಪೆಟ್ಟಿಗೆಯನ್ನು ಮಾಡಿತು. ಹಾಸಿಗೆ, ಅಡುಗೆಯ ಸಾಮಾನು, ಕಪಾಟು ಎಲ್ಲವೂ ಆ ಪೆಟ್ಟಿಗೆಯಲ್ಲಿ ಅಡಕವಾಗಿದ್ದವು. ಗಮನಿಸಬೇಕಾದ ಸಂಗತಿಯೆಂದರೆ ಪೆಟ್ಟಿಗೆಯನ್ನು ಇಡಿಯಾಗಿ ಹೊರಗೆ ತೆಗೆಯಬಹುದಾಗಿತ್ತು. ವಾರವೆಲ್ಲ ಅಂಗಡಿಯ ಸಾಮಾನು ಹೊತ್ತ ವ್ಯಾನು ಶನಿವಾರ ಸಂಜೆ ಮನೆಯಾಗುತ್ತಿತ್ತು. ಅಂದರೆ, ಸಣ್ಣ ಮನೆಗಾಡಿ ಹುಟ್ಟಿದ್ದೇ ಎರಡು ವಾಹನ ಕೊಳ್ಳಲು ಶಕ್ತಿಯಿಲ್ಲದವರ ಮನೆಯಲ್ಲಿ.

ಇಂಗ್ಲೆಂಡಿನ ಕಥೆ ಸ್ವಲ್ಪ ಬೇರೆ. ಅಲ್ಲಿ ಫೋಕ್‌ಸ್ಟನ್ ಊರಿನ ಮಾರ್ಟಿನ್ ವಾಲ್ಟರ್ ಸಂಸ್ಥೆ 1950ರ ದಶಕದಲ್ಲಿ ಬೆಡ್‌ಫರ್ಡ್ ಸಿಎ ವ್ಯಾನನ್ನು ‘ಡಾರ್ಮೊಬೈಲ್’ ಆಗಿ ಪರಿವರ್ತಿಸಿತು. ಲ್ಯಾಟಿನ್ನಿನಲ್ಲಿ ‘ಡಾರ್ಮಿರೆ’ ಎಂದರೆ ನಿದ್ರಿಸು. ಪಕ್ಕಕ್ಕೆ ತಿಜೋರಿಯ ಮುಚ್ಚಳದಂತೆ ಎದ್ದು ನಿಲ್ಲುವ ಪಟ್ಟೆ ಬಟ್ಟೆಯ ಛಾವಣಿ ಇದರ ಗುರುತು. ಇದು ಎಷ್ಟು ಜನಪ್ರಿಯವಾಯಿತೆಂದರೆ ಯಾವ ಕಂಪನಿಯ ಮನೆಗಾಡಿಯನ್ನು ಕಂಡರೂ ಬ್ರಿಟಿಷರು ಡಾರ್ಮೊಬೈಲ್ ಎನ್ನತೊಡಗಿದರು, ನಾವು ಯಾವ ವನಸ್ಪತಿಯನ್ನೂ ಡಾಲ್ಡಾ ಎನ್ನುವ ಹಾಗೆ.

ಆದರೆ ಇದರ ಹಿಂದೆ ಒಂದು ತೆರಿಗೆಯ ಕಥೆಯೂ ಉಂಟು. ಬ್ರಿಟನ್ನಿನಲ್ಲಿ 1940ರಿಂದ ಖರೀದಿ ತೆರಿಗೆ ಎಂಬುದೊಂದಿತ್ತು. ಕಾರಿಗೆ ಅದು ದುಬಾರಿ. ಒಳಗೆ ಮಲಗುವ, ಅಡುಗೆ ಮಾಡುವ ವ್ಯವಸ್ಥೆ ಅಳವಡಿಸಿದ ಮನೆಗಾಡಿಗೆ ವಿನಾಯಿತಿ. ಫಲವೇನಾಯಿತು? ಕಾರು ಬೇಕಾಗಿದ್ದವರೂ ಮನೆಗಾಡಿ ಕೊಳ್ಳತೊಡಗಿದರು. ನಿಯಮಕ್ಕೆ ಬೇಕಾದಷ್ಟು ಒಲೆ, ತೊಟ್ಟಿ, ಕಪಾಟುಗಳನ್ನು ತೆಳು ಪ್ಲೈವುಡ್ಡಿನಲ್ಲಿ ಜೋಡಿಸಿ ಮಾರುವವರೂ ಹುಟ್ಟಿಕೊಂಡರು. 1973ರ ಏಪ್ರಿಲ್ 1ರಂದು ಮೌಲ್ಯವರ್ಧಿತ ತೆರಿಗೆ ಬಂದು ಈ ಅನುಕೂಲ ಹೋಯಿತು. 1975ರಲ್ಲಿ ಬೀದಿಬದಿ ನಿಂತ ನಿಮ್ಮ ಎದುರಿಗಿರುವ ಗಾಡಿಗಳಲ್ಲಿ ಬಹುಪಾಲು 1973ಕ್ಕೆ ಹಿಂದಿನವು. ಹಾಗಾದರೆ ಎದುರಿನ ಗಾಡಿಯೊಳಗಿನ ಕಪಾಟು ಮಲಗುವವರಿಗಾಗಿ ಮಾಡಿದ್ದೋ, ತೆರಿಗೆಯ ಅಧಿಕಾರಿಗಾಗಿ ಮಾಡಿದ್ದೋ? ಬಾಗಿಲನ್ನು ಎರಡು ಸಲ ತೆಗೆದು ಹಾಕಿದರೆ ತಿಳಿಯುತ್ತದೆ.

ಈಗ ಮಾಪಕದ ಕಡೆ ನೋಡಿ. ಎಷ್ಟು ಮೈಲಿ ಓಡಿದೆ ಎಂದು ಕೇಳಿದಾಗ ಹುಡುಗ ಹೆಮ್ಮೆಯಿಂದ ಡ್ಯಾಶ್‌ಬೋರ್ಡು ತೋರಿಸುತ್ತಾನೆ: 34,000. ಅವನು ಸುಳ್ಳು ಹೇಳುತ್ತಿಲ್ಲ. ಆದರೆ ಆ ಕಾಲದ ಫೋಕ್ಸ್‌ವ್ಯಾಗನ್ ಮಾಪಕಕ್ಕೆ ಇದ್ದದ್ದು ಐದೇ ಅಂಕಿ. 99,999 ಆದ ಮೇಲೆ ಮತ್ತೆ ಸೊನ್ನೆ. ಆದ್ದರಿಂದ 34,000 ಎಂದರೆ 1,34,000 ಇರಬಹುದು, 2,34,000ವೂ ಇರಬಹುದು. ಇದನ್ನು ತೀರ್ಮಾನಿಸುವವರು ಯಾರು? ಬ್ರೇಕಿನ ಪೆಡಲಿನ ರಬ್ಬರು. ಚಾಲಕನ ಆಸನದ ಅಂಚು. ಸ್ಟಿಯರಿಂಗ್ ಚಕ್ರದ ಮೇಲೆ ಕೈ ಹಿಡಿಯುವ ಜಾಗ. ರಬ್ಬರಿನ ಗೀರುಗಳು ಪೂರ್ತಿ ಸವೆದು ಲೋಹ ಕಾಣುತ್ತಿದ್ದರೆ ಮಾಪಕದ ಮಾತನ್ನು ಪಕ್ಕಕ್ಕಿಡಿ.

ಅಷ್ಟು ಓಡಿದ್ದಾದರೂ ಎಲ್ಲಿ? 1960ರ ದಶಕದ ನಡುವಿನಿಂದ ಲಂಡನ್, ಆಮ್‌ಸ್ಟರ್‌ಡ್ಯಾಮ್‌ಗಳಿಂದ ಹೊರಟ ಯುವಕರು ಇಸ್ತಾಂಬುಲ್, ಟೆಹರಾನ್, ಹೆರಾತ್, ಕಾಬೂಲ್, ಖೈಬರ್ ಕಣಿವೆ, ಲಾಹೋರ್ ಹಾದು ದೆಹಲಿಗೆ, ಅಲ್ಲಿಂದ ಗೋವೆಗೋ ಕಠ್ಮಂಡುವಿಗೋ ಬರುತ್ತಿದ್ದರು. ಲಂಡನ್ನಿನಿಂದ ದೆಹಲಿಗೆ ಸುಮಾರು 10,000 ಕಿಲೋಮೀಟರ್. ಇಸ್ತಾಂಬುಲ್ಲಿನಲ್ಲಿ 1957ರಲ್ಲಿ ಆರಂಭವಾದ, ಪ್ರವಾಸಿಗರು ಪುಡಿಂಗ್ ಶಾಪ್ ಎಂದು ಕರೆದ ಉಪಾಹಾರ ಗೃಹದ ಗೋಡೆಯ ಫಲಕವೇ ಅವರ ಅಂಚೆ ಕಚೇರಿ. ಯಾರ ವ್ಯಾನಿನಲ್ಲಿ ಜಾಗವಿದೆ, ಯಾರು ಯಾರನ್ನು ಹುಡುಕುತ್ತಿದ್ದಾರೆ ಎಂಬ ಚೀಟಿಗಳೆಲ್ಲ ಅಲ್ಲಿ. 1979ರಲ್ಲಿ ಇರಾನಿನ ಕ್ರಾಂತಿ, ಅದೇ ಡಿಸೆಂಬರಿನಲ್ಲಿ ಆಫ್ಘಾನಿಸ್ಥಾನಕ್ಕೆ ಸೋವಿಯತ್ ಸೈನ್ಯದ ಪ್ರವೇಶ, ದಾರಿ ಮುಚ್ಚಿತು. ಆ ಪಯಣದ ಬಗ್ಗೆ ರಮ್ಯವಾದ ಮಾತುಗಳು ಬಹಳ ಇವೆ. ಅನಟೋಲಿಯಾದ ಬೆಟ್ಟದ ನಡುವೆ ಎಂಜಿನ್ ಒಡೆದು ಕೂತು, ಗಾಡಿಗೆ ಸುರಿದ ಹಣವೆಲ್ಲ ಅಲ್ಲೇ ಮುಳುಗಿದವನ ಪಾಲಿಗೆ ಮಾತ್ರ ಅದು ರಮ್ಯವಾಗಿರಲಾರದು.

ಎಂಜಿನ್ ಏಕೆ ಒಡೆಯುತ್ತಿತ್ತು ಎಂಬುದು ವಿಜ್ಞಾನದ ವಿದ್ಯಾರ್ಥಿಗಳು ತಿಳಿಯಬೇಕಾದ ಸಂಗತಿ. ಈ ಎಂಜಿನ್ನಿಗೆ ನೀರಿಲ್ಲ, ಗಾಳಿಯೇ ತಂಪು. ಚಳಿಯಲ್ಲಿ ಹೆಪ್ಪುಗಟ್ಟುವ, ಬೇಸಿಗೆಯಲ್ಲಿ ಕುದಿಯುವ ಭಯವಿಲ್ಲ. ಆದರೆ 1970ರವರೆಗಿನ ಎಂಜಿನ್ನುಗಳಲ್ಲಿ ಎಣ್ಣೆಯನ್ನು ತಂಪು ಮಾಡುವ ಉಪಕರಣವು ಮೂರನೆಯ ಸಿಲಿಂಡರಿಗೆ ಹೋಗುವ ಗಾಳಿಯ ದಾರಿಯಲ್ಲೇ ಕುಳಿತಿತ್ತು. ಆ ಸಿಲಿಂಡರಿಗೆ ಸಿಗುವುದು ಈಗಾಗಲೇ ಬಿಸಿಯಾದ ಗಾಳಿ. ವಾಲ್ವಿನ ಅಂತರ, ಅಂದರೆ ಒಂದು ಮಿಲಿಮೀಟರಿನ ಏಳನೆಯ ಒಂದು ಭಾಗದಷ್ಟು ಸಂದು, ಪ್ರತಿ 5,000 ಕಿಲೋಮೀಟರಿಗೆ ಸರಿಪಡಿಸದಿದ್ದರೆ ಕುದಿವ ಹೊಗೆ ಹೊರಬಿಡುವ ವಾಲ್ವು ತನ್ನ ಪೀಠದ ಮೇಲೆ ಸರಿಯಾಗಿ ಕೂರುವುದಿಲ್ಲ. ಕೂರದಿದ್ದರೆ ಶಾಖ ಬಿಡಲಾಗದು. ಕೊನೆಗೆ ಮುರಿದು ಒಳಕ್ಕೆ ಬೀಳುತ್ತದೆ. ಎಂಜಿನ್ನಿನ ಸುತ್ತಲಿನ ರಬ್ಬರು ಪಟ್ಟಿ ಹರಿದಿದ್ದರೆ ಕೆಳಗಿನ ಬಿಸಿ ಗಾಳಿಯೇ ಮೇಲೆ ಬಂದು ಮತ್ತೆ ಮತ್ತೆ ಒಳಗೆ ಹೋಗುತ್ತದೆ. ಆದ್ದರಿಂದ ಎಂಜಿನ್ ಎಷ್ಟು ಹೊಳೆಯುತ್ತಿದೆ ಎಂದು ನೋಡಬೇಡಿ. ಆ ಬಡಪಾಯಿ ರಬ್ಬರು ಪಟ್ಟಿ ಇದೆಯೇ ನೋಡಿ. ಪೆಟ್ರೋಲಿನ ಕೊಳವೆಯನ್ನು ಬಗ್ಗಿಸಿ ಬಿರುಕು ಇದೆಯೇ ನೋಡಿ. ಎಂಜಿನ್ನಿನ ಹೊರಪೆಟ್ಟಿಗೆ ಮೆಗ್ನೀಸಿಯಂ ಮಿಶ್ರಲೋಹದ್ದು. ಮೆಗ್ನೀಸಿಯಂ ತಂತಿ ಹೇಗೆ ಉರಿಯುತ್ತದೆ ಎಂದು ಪ್ರಯೋಗಾಲಯದಲ್ಲಿ ನೋಡಿದವರಿಗೆ ಹೆಚ್ಚು ಹೇಳಬೇಕಾಗಿಲ್ಲ.

ಇಷ್ಟಾದರೂ ಎಂಜಿನ್ನನ್ನು ಬದಲಿಸಬಹುದು. ಬದಲಿಸಲಾಗದ್ದು ದೇಹ. ಈ ವ್ಯಾನುಗಳಿಗೆ ಲಾರಿಯ ಹಾಗೆ ಪ್ರತ್ಯೇಕವಾದ ಚಾಸಿ ಇಲ್ಲ. ತೆಂಗಿನ ಚಿಪ್ಪಿನಂತೆ, ಹೊರಕವಚವೇ ಬಲ. ಆ ಚಿಪ್ಪಿನ ನೆತ್ತಿಯಲ್ಲಿ ಎದ್ದು ನಿಲ್ಲುವ ಛಾವಣಿಗಾಗಿ ದೊಡ್ಡ ತೂತು ಕೊರೆದರೆ ಸುತ್ತಲೂ ಉಕ್ಕಿನ ಚೌಕಟ್ಟು ಕೂರಿಸಬೇಕು. ಒಳ್ಳೆಯ ಸಂಸ್ಥೆಗಳು ಕೂರಿಸಿದವು. ಮನೆಯ ಹಿತ್ತಲಲ್ಲಿ ಗರಗಸ ಹಿಡಿದು ಕೊರೆದವರೆಲ್ಲ ಕೂರಿಸಿದರೆಂದು ಹೇಳಲಾಗದು. ಕೆಳಗೆ ಬಾಗಿಲ ಹೊಸ್ತಿಲಿನ ಒಳಭಾಗ, ಜ್ಯಾಕ್ ಇಡುವ ಸ್ಥಳ, ಚಕ್ರದ ಕಮಾನು, ಇಲ್ಲೆಲ್ಲ ತುಕ್ಕು ಕೂರುತ್ತದೆ. ಚಳಿಗಾಲದಲ್ಲಿ ಮಂಜು ಕರಗಿಸಲು ರಸ್ತೆಗೆ ಉಪ್ಪು ಸುರಿಯುವ ದೇಶದಲ್ಲಿ ಇದು ಮತ್ತೂ ಬೇಗ.

ಹೊಸ ಬಣ್ಣದ ಬಗ್ಗೆ ನನಗೊಂದು ಸ್ವಂತ ಅನುಭವವಿದೆ. ಕೆಲವು ವರ್ಷಗಳ ಹಿಂದೆ ಮಳೆಗಾಲದ ಚಿತ್ರೀಕರಣಕ್ಕೆ ಆಗುಂಬೆಗೆ ಹೊರಟಾಗ ಒಂದು ವ್ಯಾನನ್ನು ಬಾಡಿಗೆಗೆ ಹಿಡಿದಿದ್ದೆವು. ಫಳಫಳ ಹೊಳೆಯುವ ಬಿಳಿ ಬಣ್ಣ. ಮಾಲೀಕರು ಅದನ್ನೇ ಮೂರು ಸಲ ಹೇಳಿದ್ದರು. ಘಟ್ಟದಲ್ಲಿ ಮಳೆ ಹಿಡಿದು ಅರ್ಧ ಗಂಟೆಯೂ ಆಗಿರಲಿಲ್ಲ; ಛಾವಣಿಯ ಮೂಲೆಯಿಂದ ಸರಿಯಾಗಿ ಕ್ಯಾಮೆರಾ ಪೆಟ್ಟಿಗೆಯ ಮೇಲೆ ನೀರು ತೊಟ್ಟಿಕ್ಕತೊಡಗಿತು. ನಮ್ಮ ಧ್ವನಿಗ್ರಾಹಕ ಹುಡುಗ ಸ್ಪೀಕರಿನಿಂದ ಕಿತ್ತ ಒಂದು ಅಯಸ್ಕಾಂತವನ್ನು ಸದಾ ಚೀಲದಲ್ಲಿ ಇಟ್ಟುಕೊಂಡಿರುತ್ತಿದ್ದ. ಅದನ್ನು ಆ ಮೂಲೆಗೆ ಹಿಡಿದರೆ ಅಂಟಲಿಲ್ಲ. ಬಣ್ಣದ ಕೆಳಗೆ ಕಬ್ಬಿಣವೇ ಇರಲಿಲ್ಲ, ಬರೀ ಲಪ್ಪ! ಎರಡು ದಿನದ ಕೆಲಸ ಹಾಳಾಯಿತು. ಅಂದಿನಿಂದ ಬಾಡಿಗೆ ಗಾಡಿಗೂ ನಾನು ಅಯಸ್ಕಾಂತ ಹಿಡಿಯುತ್ತೇನೆ, ಜನ ನಕ್ಕರೂ ಚಿಂತೆಯಿಲ್ಲ.

ನೀರು ಮನೆಗಾಡಿಯ ಎರಡನೆಯ ಶತ್ರು, ನನ್ನ ಲೆಕ್ಕದಲ್ಲಿ ಮೊದಲನೆಯದಕ್ಕಿಂತ ಕೆಟ್ಟದ್ದು. 1981ರಲ್ಲಿ ಇಟಲಿಯ ಫಿಯೆಟ್ ಡುಕಾಟೊ ಬಂತು. ಇದರ ಎಂಜಿನ್ ಮುಂದೆ, ಎಳೆಯುವ ಚಕ್ರವೂ ಮುಂದೆ. ಹಿಂದಕ್ಕೆ ಹೋಗುವ ದಂಡ ಇಲ್ಲದ್ದರಿಂದ ನೆಲವನ್ನು ತಗ್ಗಾಗಿ, ಸಮನಾಗಿ ಇಡಬಹುದು. ಯೂರೋಪಿನ ಮನೆಗಾಡಿ ತಯಾರಕರು ಇದನ್ನು ಬಿಡಲಿಲ್ಲ. ಅದರ ಮೇಲೆ ಮರದ ಚೌಕಟ್ಟು, ಹೊರಗೆ ಅಲ್ಯೂಮಿನಿಯಂ ಅಥವಾ ಫೈಬರ್ ಹಾಳೆ, ಒಳಗೆ ಚಂದದ ಪ್ಲೈವುಡ್ ಹಾಕಿ ಸಣ್ಣ ಸಣ್ಣ ಮನೆಗಳನ್ನೇ ಕಟ್ಟಿದರು. ಇಂಥ ಗಾಡಿಯ ಕಿಟಕಿಯ ಮೂಲೆಯಲ್ಲೋ ಛಾವಣಿಯ ಸಂದಿನಲ್ಲೋ ಅಂಟು ಒಣಗಿ ಬಿರುಕು ಬಿಟ್ಟರೆ ನೀರು ಹೊರಗೆ ಕಾಣುವುದಿಲ್ಲ, ಮರದೊಳಗೆ ಹೋಗಿ ಕೂರುತ್ತದೆ. ಹೊರಗೆ ಅಲ್ಯೂಮಿನಿಯಂ ನಗುತ್ತಿರುತ್ತದೆ, ಒಳಗೆ ಮರ ಅವಲಕ್ಕಿಯಾಗಿರುತ್ತದೆ. ಒದ್ದೆಯ ಮರ ಒಣಮರಕ್ಕಿಂತ ಸುಲಭವಾಗಿ ವಿದ್ಯುತ್ತನ್ನು ಹರಿಯಬಿಡುತ್ತದೆ. ಈ ತತ್ತ್ವದ ಮೇಲೆ ಮಾಡಿದ ತೇವಮಾಪಕದ ಎರಡು ಮುಳ್ಳುಗಳನ್ನು ಒತ್ತಿದರೆ ಶೇಕಡಾವಾರು ತೋರಿಸುತ್ತದೆ. 15ರವರೆಗೆ ಚಿಂತೆಯಿಲ್ಲ; 20 ದಾಟಿದರೆ ಅನುಮಾನ; 30 ದಾಟಿದರೆ ಮಾರುವವರಿಗೆ ನಮಸ್ಕಾರ ಹೇಳಿ ಹೊರಡಬಹುದು. ಮಾಪಕವಿಲ್ಲದವರು ಹೆಬ್ಬೆರಳಿನಿಂದ ಮೂಲೆಗಳನ್ನು ಒತ್ತಿ ನೋಡಲಿ, ಕಪಾಟಿನೊಳಗೆ ತಲೆ ಹಾಕಿ ಮೂಸಿ ನೋಡಲಿ. ಬಾಗಿಲು ತೆಗೆಯುವ ಮೊದಲೇ ಒಳಗೆ ಸುಗಂಧ ಸಿಂಪಡಿಸಿದ್ದರೆ ಅದೂ ಒಂದು ಪುರಾವೆಯೇ.

ಮತ್ತೊಂದು ವಿಚಿತ್ರ ಹೇಳಬೇಕು. ಕಾರಿನಲ್ಲಿ ಕಡಮೆ ಓಡಿದ್ದು ಒಳ್ಳೆಯದು ಎಂಬ ಮಾತು ಮನೆಗಾಡಿಗೆ ಅಷ್ಟಾಗಿ ಒಪ್ಪುವುದಿಲ್ಲ. ವರ್ಷಕ್ಕೆ ಎರಡೇ ವಾರ ಹೊರಬಿದ್ದು ಉಳಿದ ಕಾಲ ಅಂಗಳದಲ್ಲಿ ನಿಂತ ಗಾಡಿಯ ಬ್ರೇಕು ಬಿಗಿದುಕೊಳ್ಳುತ್ತದೆ, ಟೈರು ಸವೆಯದೆಯೇ ಮುದಿಯಾಗುತ್ತದೆ. 2000ದಿಂದೀಚಿನ ಟೈರುಗಳ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತವೆ. 3512 ಎಂದಿದ್ದರೆ 2012ರ 35ನೆಯ ವಾರ ಹುಟ್ಟಿದ್ದು ಎಂದರ್ಥ. ಗೀರು ಎಷ್ಟೇ ಆಳವಿರಲಿ, ಅಂಥ ಟೈರು ಬದಲಿಸುವ ಖರ್ಚನ್ನು ಬೆಲೆಯಲ್ಲಿ ಕಳೆಯಿರಿ.

ಒಳಗಿನ ಒಲೆಯನ್ನೂ ಮರೆಯಬೇಡಿ. ಪ್ರೊಪೇನ್ ಗಾಳಿಗಿಂತ ಸುಮಾರು ಒಂದೂವರೆ ಪಟ್ಟು ಭಾರ. ಸೋರಿದರೆ ಮೇಲೆ ಹೋಗದೆ ನೆಲದಲ್ಲಿ ನೀರಿನಂತೆ ತುಂಬುತ್ತದೆ. ಅದಕ್ಕಾಗಿಯೇ ಒಳ್ಳೆಯ ಗಾಡಿಗಳ ನೆಲದಲ್ಲಿ ತೂತು ಬಿಟ್ಟಿರುತ್ತಾರೆ. ಚಳಿಗಾಳಿ ಬರುತ್ತದೆಂದು ಹಿಂದಿನ ಮಾಲೀಕ ಅದಕ್ಕೆ ಬಟ್ಟೆ ತುರುಕಿದ್ದರೆ, ಮೊದಲು ಅದನ್ನು ಕೀಳಬೇಕು.

ಇಂದಿಗೆ ಬಂದರೆ, 1975ರ ಆ ಬೀದಿಬದಿಯ ಬಡ ಗಾಡಿ ಇಂದು ಬಡವರದಲ್ಲ. 2011ರಲ್ಲಿ ಅಮೆರಿಕದ ಒಂದು ಹರಾಜಿನಲ್ಲಿ ಇಪ್ಪತ್ತಮೂರು ಗಾಜುಗಳ 1963ರ ಫೋಕ್ಸ್‌ವ್ಯಾಗನ್ ವ್ಯಾನು 2 ಲಕ್ಷ ಡಾಲರಿಗೂ ಮೀರಿ ಹೋಯಿತು. ಕಡಮೆ ಹಣದವನು ಈಗ ಆ ಹೆಸರಿನ ಮೋಹ ಬಿಡುವುದು ಲೇಸು ಎಂಬುದು ನನ್ನ ಅಭಿಪ್ರಾಯ. ಅದೇ ಕಂಪನಿಯ 1980ರ ದಶಕದ ನೀರಿನ ಎಂಜಿನ್ನಿನ ವ್ಯಾನುಗಳಿಗೂ, ಶೀತಕ ದ್ರವವನ್ನು ಕಾಲಕಾಲಕ್ಕೆ ಬದಲಿಸದಿದ್ದರೆ ಸಿಲಿಂಡರ್ ತಲೆಯ ಬಳಿ ಸವೆದು ಸೋರುವ ರೋಗವಿದೆ. ಡೀಸೆಲ್ ಕೊಳ್ಳುವವರಿಗೆ ಇನ್ನೊಂದು ಲೆಕ್ಕ. 2019ರಲ್ಲಿ ಲಂಡನ್ನಿನ ನಡುಭಾಗಕ್ಕೆ ಬಂದು 2023ರ ಆಗಸ್ಟಿನಲ್ಲಿ ಇಡೀ ನಗರಕ್ಕೆ ವಿಸ್ತರಿಸಿದ ಹೊಗೆ ನಿಯಮದ ಪ್ರಕಾರ, ಯೂರೋ 6 ಮಟ್ಟ ಮುಟ್ಟದ ಡೀಸೆಲ್ ವ್ಯಾನು ನಗರಕ್ಕೆ ಕಾಲಿಟ್ಟ ದಿನಕ್ಕೆ 12.50 ಪೌಂಡ್ ಕೊಡಬೇಕು. 40 ವರ್ಷ ದಾಟಿದ ವಾಹನಕ್ಕೆ ಮಾತ್ರ ಪಾರಂಪರಿಕವೆಂದು ವಿನಾಯಿತಿ. 2010ರ ಗಾಡಿ ಹಣ ಕಟ್ಟುವಾಗ 1975ರ ಗಾಡಿ ಹೊಗೆ ಬಿಡುತ್ತ ಪುಕ್ಕಟೆ ಹೋಗಬಹುದು! ನಗರದೊಳಗೆ ವಾಸಿಸದವನಿಗೆ ಇದರಲ್ಲಿ ಲಾಭವೂ ಉಂಟು. ನಗರದವರು ಬೇಡವೆಂದ ಡೀಸೆಲ್ ಗಾಡಿಯ ಬೆಲೆಯನ್ನು ಅವನು ಧೈರ್ಯವಾಗಿ ಚೌಕಾಸಿ ಮಾಡಬಹುದು.

ಕೊನೆಗೆ, ಅತಿ ಚಿಕ್ಕದೊಂದರ ಬಗ್ಗೆ ಹೇಳಿ ಮುಗಿಸುತ್ತೇನೆ. 1980ರ ದಶಕದಲ್ಲಿ ಬ್ರಿಟನ್ನಿನಲ್ಲಿ ‘ಬ್ಯಾಂಬಿ’ ಎಂಬ ಇಬ್ಬರಿಗಾಗುವ ಪುಟ್ಟ ಮನೆಗಾಡಿ ಬಂದಿತ್ತು. ಅದರ ಕೆಳಗಿದ್ದದ್ದು ಸುಜುಕಿ ಕ್ಯಾರಿ ವ್ಯಾನು. ಅದನ್ನೇ ಬ್ರಿಟನ್ನಿನಲ್ಲಿ ಬೆಡ್‌ಫರ್ಡ್ ರ‍್ಯಾಸ್ಕಲ್ ಎಂದೂ ಮಾರಿದರು. ಎಂಜಿನ್ 970 ಸಿ.ಸಿ., ಚಾಲಕನ ಆಸನದ ಕೆಳಗೆ. ಎಲ್ಲೋ ನೋಡಿದ ಹಾಗಿದೆಯಲ್ಲ ಎನ್ನಿಸಿತೆ? 1984ರಲ್ಲಿ ನಮ್ಮಲ್ಲಿ ಬಂದು 2019ರವರೆಗೆ ತಯಾರಾದ ಮಾರುತಿ ಓಮ್ನಿಯೂ ಇದೇ ಕ್ಯಾರಿ ವಂಶದ್ದು, 796 ಸಿ.ಸಿ. ಎಂಜಿನ್ನಿನದು. ನಾನು ಶಾಲೆಗೆ ಹೋದದ್ದು ಅಂಥ ವ್ಯಾನಿನಲ್ಲಿ, ಹದಿನಾಲ್ಕು ಮಕ್ಕಳ ನಡುವೆ. ಸೀಟಿನ ಕೆಳಗಿನ ಎಂಜಿನ್ನಿನ ಬಿಸಿ ಇನ್ನೂ ನೆನಪಿದೆ. ಅಷ್ಟು ಸಣ್ಣ ಗಾಡಿಯ ಮೇಲೆ ಹಾಸಿಗೆ, ಒಲೆ, ಕಪಾಟು ಇಟ್ಟರೆ ಏನಾಗುತ್ತದೆ, ನೀವೇ ಲೆಕ್ಕ ಹಾಕಿ. ಇಬ್ಬರು ಜನ 140 ಕಿಲೋ. ನೀರು 30 ಲೀಟರ್ ಎಂದರೆ 30 ಕಿಲೋ. ಅನಿಲದ ಸಿಲಿಂಡರು, ಪಾತ್ರೆ, ಬಟ್ಟೆ, ಆಹಾರ ಸೇರಿ ಇನ್ನೂ 80. ಇಷ್ಟಾಗಿ ಒಂದು ಕಾಕಟೂ ಗಿಳಿಯನ್ನು ಕೂರಿಸಿಕೊಳ್ಳಲು ಅಲ್ಲಿ ಜಾಗವಿದೆಯೇ ಎಂಬುದು ಕಾಗದದಲ್ಲಿ ತಿಳಿಯುವುದಿಲ್ಲ. ಹಣ ಕೊಡುವ ಮೊದಲು ಮಾರುವವರನ್ನೂ ಕೂರಿಸಿಕೊಂಡು, ನೀರು ತುಂಬಿಸಿ, ಹತ್ತಿರದ ವೇಬ್ರಿಡ್ಜಿಗೆ ಓಡಿಸಿಕೊಂಡು ಹೋಗಿ. ತೂಕದ ಚೀಟಿಯನ್ನು ಗಾಡಿಯ ಫಲಕದ ಮೇಲೆ ಕೊರೆದಿರುವ ಗರಿಷ್ಠ ತೂಕದ ಪಕ್ಕದಲ್ಲಿ ಹಿಡಿದು ನೋಡಿ.